ಆ ಗೆರೆ ಸಮಾಂತರ ಇಲ್ಲದಿದ್ದರೆ ಏನಾಗುತ್ತೆ?

ಹೋದ ಭಾನುವಾರ ಭದ್ರಾವತಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಟಿವಿ ಬಂದ್, ಮೊಬೈಲು ಅಪ್ಪನ ಜೇಬಿನಲ್ಲಿ, ಗೋಡೆ ತುಂಬಾ ಸೂತ್ರಗಳ ಚಾರ್ಟು. ನಾನು ಚಪ್ಪಲಿ ಬಿಡುವಷ್ಟರಲ್ಲೇ, 'ಮಾಮ, ಥೇಲ್ಸ್ ಪ್ರಮೇಯ ಐದು ನಿಮಿಷದಲ್ಲಿ ಬರೀತೀನಿ, ಟೈಮ್ ನೋಡು' ಅಂದಳು.

ಬರೆದಳು. ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ. ಸ್ಕೇಲಿಟ್ಟು ಗೆರೆ, ಕೊನೆಯ ಸಾಲಿಗೆ ಚೌಕಟ್ಟು. ನಾಲ್ಕೂಕಾಲು ನಿಮಿಷ. ಒಂದು ಅಕ್ಷರ ತಪ್ಪಿಲ್ಲ. ಮೌಲ್ಯಮಾಪಕರು ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡುವ ಉತ್ತರ.

ನನಗೆ ಸುಮ್ಮನಿರೋಕೆ ಆಗಲಿಲ್ಲ, ಕೇಳಿದೆ: 'ದತ್ತದಲ್ಲಿ ಡಿಇ ಗೆರೆ ಬಿಸಿಗೆ ಸಮಾಂತರ ಅಂತ ಬರೆದಿದ್ದೀಯಲ್ಲ ಪುಟ್ಟಿ, ಅದನ್ನ ಕೆಳಗೆ ಎಲ್ಲಿ ಬಳಸಿಕೊಂಡೆ?'

'ಬರೆದಿದೀನಲ್ಲ ಮಾಮ, ದತ್ತದಲ್ಲಿ.'

'ಅದು ಕಾಣ್ತಿದೆ. ಆ ಗೆರೆ ಸಮಾಂತರ ಇಲ್ಲ ಅಂದುಕೋ. ನೀನು ಬರೆದ ಸಾಲುಗಳಲ್ಲಿ ಯಾವುದು ತಪ್ಪಾಗುತ್ತೆ?'

ಪೆನ್ನಿನ ಮುಚ್ಚಳ ಕಚ್ಚಿಕೊಂಡು ಪುಟವನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಆಮೇಲೆ ಸ್ವಲ್ಪ ಸಿಟ್ಟಿನಲ್ಲೇ ಅಂದಳು: 'ಅದನ್ನೆಲ್ಲ ಕೇಳಲ್ಲ ಮಾಮ.'

ಅವಳು ಹೇಳಿದ್ದು ಸರಿ. ಅದನ್ನೆಲ್ಲ ಕೇಳಲ್ಲ. ಈ ಬರಹ ಇರೋದೇ ಆ ಮಾತಿನ ಮೇಲೆ.

ಮರೆತವರಿಗಾಗಿ ಒಂದು ಸಲ ಹೇಳಿಬಿಡುತ್ತೇನೆ. ಎಬಿಸಿ ಅಂತ ಒಂದು ತ್ರಿಭುಜ. ತಳ ಬಿಸಿ. ಅದಕ್ಕೆ ಸಮಾಂತರವಾಗಿ ಒಳಗೆ ಡಿಇ ಗೆರೆ ಎಳೆದರೆ ಅದು ಉಳಿದ ಎರಡು ಬಾಹುಗಳನ್ನೂ ಒಂದೇ ಅನುಪಾತದಲ್ಲಿ ಕತ್ತರಿಸುತ್ತದೆ ಅನ್ನೋದು ಪ್ರಮೇಯ. ಸಾಧನೆಯ ಮೊದಲ ಅರ್ಧದಲ್ಲಿ ಎಡಿಇ, ಬಿಡಿಇ, ಡಿಇಸಿ ಅನ್ನೋ ಮೂರು ಪುಟ್ಟ ತ್ರಿಭುಜಗಳ ವಿಸ್ತೀರ್ಣ ಹೋಲಿಸುತ್ತೇವೆ. ಅಲ್ಲಿ ಸಮಾಂತರದ ಗೊಡವೆಯೇ ಇಲ್ಲ. ಗೆರೆ ಹೇಗಿದ್ದರೂ ಆ ಲೆಕ್ಕ ನಡೆಯುತ್ತೆ. ಸಮಾಂತರ ಬೇಕಾಗೋದು ಒಂದೇ ಒಂದು ಸಾಲಿನಲ್ಲಿ: ಬಿಡಿಇ ಮತ್ತು ಡಿಇಸಿ ತ್ರಿಭುಜಗಳು ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇವೆ, ಆದ್ದರಿಂದ ಅವುಗಳ ವಿಸ್ತೀರ್ಣ ಸಮ ಅನ್ನುವ ಸಾಲು. ಪ್ರಮೇಯದ ಜೀವ ಇರೋದು ಅಲ್ಲಿ. ಗೆರೆ ಓರೆಯಾದರೆ ಆ ಎರಡು ವಿಸ್ತೀರ್ಣ ಸಮ ಆಗಲ್ಲ, ಪ್ರಮೇಯ ಬಿದ್ದುಹೋಗುತ್ತೆ. ನಮ್ಮ ಹುಡುಗಿ ಆ ಸಾಲನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು. ಅದು ಯಾಕೆ ಅಲ್ಲಿದೆ ಅನ್ನೋದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ನಾನು ಇನ್ನೂ ಒಂದು ಕೆಟ್ಟ ಕೆಲಸ ಮಾಡಿದೆ. ತ್ರಿಭುಜವನ್ನು ತಲೆಕೆಳಗು ಮಾಡಿ, ಅಕ್ಷರ ಬದಲಿಸಿ ಪಿಕ್ಯೂಆರ್ ಅಂತ ಹಾಕಿ 'ಈಗ ಬರಿ' ಅಂದೆ. ರಚನೆಯವರೆಗೆ ಬಂದು ನಿಂತಳು. ಅಡುಗೆಮನೆಯಿಂದ ಅಕ್ಕ 'ಮಗೀಗೆ ಯಾಕೋ ತಲೆ ತಿಂತೀಯ, ಪರೀಕ್ಷೆ ಹತ್ರ ಇದೆ' ಅಂತ ಬೈದಳು. ಆಟ ಅಲ್ಲಿಗೆ ಮುಗಿಯಿತು.

ಈ ಹುಡುಗಿ ದಡ್ಡಿ ಅಂದುಕೊಂಡಿರಾ? ಅದೇ ಸಂಜೆ ಪಕ್ಕದ ಬೀದಿಯ ಹೆಂಗಸರ ಚೀಟಿ ವಿಷಯ ಬಂತು. ಹತ್ತು ಜನ, ತಿಂಗಳಿಗೆ ಸಾವಿರ, ಹರಾಜು ಚೀಟಿ. ಮೂರನೇ ತಿಂಗಳಿಗೆ ಯಾರೋ ಎರಡು ಸಾವಿರ ಬಿಟ್ಟು ಎಂಟು ಸಾವಿರಕ್ಕೆ ಎತ್ತಿದ್ದರು. ಮುಂದಿನ ಸಲ ನಾನೂ ಎತ್ತಿಬಿಡಲಾ ಅಂತ ಅಕ್ಕನಿಗೆ ಆಸೆ. ಮಗಳು ಪಲ್ಯಕ್ಕೆ ಬೀನ್ಸ್ ಮುರಿಯುತ್ತಾ ಹೇಳಿದಳು: 'ಈಗ ಎತ್ತಿದ್ರೆ ಬಿಟ್ಟ ದುಡ್ಡು ಬಡ್ಡಿ ಲೆಕ್ಕ ಅಮ್ಮ. ಉಳಿದ ತಿಂಗಳೆಲ್ಲ ಕಟ್ಟಲೇಬೇಕಲ್ಲ. ನಿಂಗೆ ಈಗ ದುಡ್ಡಿನ ಅವಸರ ಇಲ್ಲ, ಕಾಯಿ. ಆದ್ರೆ ಚೀಟಿ ನಡೆಸೋ ಆಂಟಿ ಕೊನೇವರೆಗೂ ಊರಲ್ಲಿರ್ತಾರೆ ಅನ್ನೋದಾದ್ರೆ ಮಾತ್ರ ಕಾಯೋದು ಲಾಭ. ಓಡಿಹೋದ್ರೆ ಮೊದ್ಲು ಎತ್ತಿದೋರೇ ಗೆದ್ದಂಗೆ.'

ಇದು ತರ್ಕ. ಒಂದು ಷರತ್ತು, ಆ ಷರತ್ತಿನ ಮೇಲೆ ನಿಂತ ತೀರ್ಮಾನ, ಷರತ್ತು ಮುರಿದರೆ ತೀರ್ಮಾನ ಎಲ್ಲಿ ಮುರಿಯುತ್ತೆ ಅನ್ನೋ ಸ್ಪಷ್ಟತೆ. ಮಧ್ಯಾಹ್ನ ನಾನು ಥೇಲ್ಸ್ ಪ್ರಮೇಯದಲ್ಲಿ ಕೇಳಿದ್ದೂ ಇದೇ ಪ್ರಶ್ನೆ. ಬೀನ್ಸ್ ಮುರಿಯುವಾಗ ಇದ್ದ ಬುದ್ಧಿ ನೋಟ್ಸ್ ತೆರೆದ ಕೂಡಲೇ ಎಲ್ಲಿ ಹೋಗುತ್ತೆ?

ಇದು ಭದ್ರಾವತಿಯ ಒಂದು ಮನೆಯ ಕತೆ ಮಾತ್ರ ಅಲ್ಲ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಕೋಲ್ಕತ್ತಾ, ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ತರಕಾರಿ ತೂಕ, ಬೆಲೆ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವ ಮಕ್ಕಳು ಅದೇ ಮಟ್ಟದ ಲೆಕ್ಕವನ್ನು ಶಾಲೆಯ ರೂಪದಲ್ಲಿ ಕೊಟ್ಟರೆ ತಡವರಿಸಿದರು. ಶಾಲೆಗೆ ಹೋಗುವ, ವ್ಯಾಪಾರ ಮಾಡದ ಮಕ್ಕಳು ಉಲ್ಟಾ: ಪುಸ್ತಕದ ಲೆಕ್ಕ ಮಾಡಿದರು, ಸಂತೆಯ ಲೆಕ್ಕದಲ್ಲಿ ಸೋತರು. ಅಂದರೆ ನಡುವೆ ಸೇತುವೆ ಇಲ್ಲ. ಅದನ್ನು ಕಟ್ಟಬೇಕಾಗಿದ್ದದ್ದು ಶಾಲೆ. ನಮ್ಮ ಎಪಿಎಂಸಿಯಲ್ಲಿ ಅಪ್ಪನ ಜೊತೆ ನಿಂತು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ಬೇರೆ ಮಾಡಿ, ಇವತ್ತು ಕೊಡೋದಾ ವಾರ ತಡೆಯೋದಾ ಅಂತ ವಾದ ಮಾಡುವ ಹುಡುಗ ಸೋಮವಾರ ಕ್ಲಾಸಿನಲ್ಲಿ ಸಂಭವನೀಯತೆಯ ಪಾಠಕ್ಕೆ ತಲೆ ತಗ್ಗಿಸಿ ಕೂರುತ್ತಾನೆ.

ಈಗ ಪ್ರಶ್ನೆಪತ್ರಿಕೆಗೆ ಬರೋಣ. ಗಣಿತ ಲಿಖಿತ ಪರೀಕ್ಷೆ 80 ಅಂಕ, 38 ಪ್ರಶ್ನೆ. ಆಂತರಿಕ ಮೌಲ್ಯಮಾಪನ 20. ಇಷ್ಟು ವರ್ಷ ಪಾಸಾಗಲು 80ಕ್ಕೆ 28 ಬೇಕಿತ್ತು. ಈ 28ರ ಸುತ್ತ ಒಂದು ಇಡೀ ಉದ್ಯಮ ಬೆಳೆದಿದೆ. ಅದರ ಹೆಸರು ಪಾಸಿಂಗ್ ಪ್ಯಾಕೇಜು. ಕೋಟೆ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಜನವರಿಯಲ್ಲಿ ಹತ್ತು ನಿಮಿಷ ನಿಂತರೆ ನಿಮಗೇ ಕಾಣುತ್ತೆ. ರೇಖಾತ್ಮಕ ಸಮೀಕರಣಗಳ ನಕ್ಷೆ ಬರೆದರೆ 4, ಸರಾಸರಿಯೋ ಮಧ್ಯಾಂಕವೋ ಬಂದರೆ 3, ಒಂದು ಪ್ರಮೇಯ ಬಾಯಿಪಾಠ ಮಾಡಿದರೆ ಇಷ್ಟು. ಪ್ರಮೇಯದಲ್ಲಿ ಸಾಧನೆ ಬರದಿದ್ದರೂ ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ. 'ಏನೂ ಬರದಿದ್ರೂ ಎರಡು ಮಾರ್ಕ್ಸ್ ಎಲ್ಲೂ ಹೋಗಲ್ಲ' ಅನ್ನೋದನ್ನ ನಾನೇ ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ಗಮನಿಸಿ ನೋಡಿ, ಯಾಕೆ ಅನ್ನೋದಕ್ಕೆ ಬರುವ ಮೊದಲೇ ಅರ್ಧ ದುಡಿಮೆ ಮುಗಿದಿರುತ್ತೆ. ಪ್ರಮೇಯ ಅನ್ನೋದು ವಾದ. ನಾವು ಅದನ್ನು ಅರ್ಜಿ ನಮೂನೆ ಮಾಡಿಟ್ಟಿದ್ದೇವೆ, ಖಾಲಿ ಬಿಟ್ಟ ಜಾಗ ತುಂಬಿದರೆ ಸಾಕು.

ಪುಸ್ತಕದ ತಪ್ಪಾ ಅಂದರೆ ಅದೂ ಅಲ್ಲ. ನಮ್ಮ ಮಕ್ಕಳು ಓದುತ್ತಿರುವುದು ಎನ್‌ಸಿಇಆರ್‌ಟಿ ಗಣಿತವನ್ನು. ಅದಕ್ಕೆ ಬುನಾದಿಯಾದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತ ಕಲಿಸುವುದರ ದೊಡ್ಡ ಗುರಿ ಮಗುವಿನ ಯೋಚನೆಯನ್ನೇ ಗಣಿತದ ದಾರಿಗೆ ತರುವುದು, ಬರೀ ಲೆಕ್ಕ ಮಾಡಿಸುವುದಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಒಂಬತ್ತು, ಹತ್ತನೇ ತರಗತಿ ಪುಸ್ತಕಗಳಿಗೆ ಗಣಿತದಲ್ಲಿ ಸಾಧನೆ ಎಂದರೇನು ಅಂತ ಒಂದು ಅಧ್ಯಾಯವನ್ನೇ ಬರೆದರು. ಹೇಳಿಕೆ ಎಂದರೇನು, ಒಂದು ವಿರುದ್ಧ ಉದಾಹರಣೆ ಸಿಕ್ಕರೆ ಹೇಳಿಕೆ ಹೇಗೆ ಬಿದ್ದುಹೋಗುತ್ತೆ, ವಿಲೋಮ ಎಂದರೇನು, ಎಲ್ಲಾ ಇದೆ. ಎಲ್ಲಿಟ್ಟರು? ಪುಸ್ತಕದ ಕೊನೆಗೆ, ಅನುಬಂಧದಲ್ಲಿ. ಆಸಕ್ತರು ಓದಿಕೊಳ್ಳಲಿ, ಮುಂದೊಂದು ದಿನ ಮುಖ್ಯ ಪಠ್ಯಕ್ಕೆ ಸೇರಿಸಬಹುದು ಎಂದರು. ಆ ಮುಂದೊಂದು ದಿನ ಇಪ್ಪತ್ತು ವರ್ಷವಾದರೂ ಬಂದಿಲ್ಲ. ಪರೀಕ್ಷೆಗೆ ಇಲ್ಲದ್ದನ್ನು ನಮ್ಮಲ್ಲಿ ಯಾರು ತೆರೆದು ನೋಡುತ್ತಾರೆ?

ತಮಾಷೆ ಏನೆಂದರೆ, ಹೀಗೆ ಗಣಿತದಿಂದ ಹೊರಗೆ ಹಾಕಿದ ತರ್ಕ ಬೇರೆ ಬಾಗಿಲಿನಿಂದ ದುಡ್ಡಿಗೆ ಮಾರಾಟವಾಗುತ್ತಿದೆ. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಬಡವರ ಮಕ್ಕಳಿಗೆ ಅದು ಸಣ್ಣ ಮೊತ್ತ ಅಲ್ಲ. ಅದರಲ್ಲಿ 90 ಪ್ರಶ್ನೆ ಬೌದ್ಧಿಕ ಸಾಮರ್ಥ್ಯಕ್ಕೇ ಮೀಸಲು. ಆಮೇಲೆ ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ, ಬ್ಯಾಂಕು, ರೈಲ್ವೆ, ಎಲ್ಲ ಕಡೆ 'ಮೆಂಟಲ್ ಎಬಿಲಿಟಿ'. ಡಿಗ್ರಿ ಮುಗಿಸಿದ ಹುಡುಗರು ಶಿವಮೊಗ್ಗದ ಕೋಚಿಂಗ್ ಸೆಂಟರುಗಳಲ್ಲಿ ಸಾವಿರಾರು ರೂಪಾಯಿ ಕಟ್ಟಿ 'ಎಲ್ಲ ಎಗಳೂ ಬಿಗಳು, ಕೆಲವು ಬಿಗಳು ಸಿಗಳು' ಅಂತ ಕಲಿಯುತ್ತಾರೆ. ಅಲ್ಲೂ ಯೋಚನೆ ಕಲಿಸುವುದಿಲ್ಲ, ಶಾರ್ಟ್‌ಕಟ್ ಕಲಿಸುತ್ತಾರೆ. ಹದಿನೈದನೇ ವಯಸ್ಸಿನಲ್ಲಿ ಪ್ರಮೇಯದ ಜೊತೆ ಪುಕ್ಕಟೆಯಾಗಿ ಬರಬೇಕಾಗಿದ್ದದ್ದು ಇಪ್ಪತ್ತೈದನೇ ವಯಸ್ಸಿನಲ್ಲಿ ಫೀಸು ಕಟ್ಟಿದರೂ ಅರೆಬರೆ ಬರುತ್ತಿದೆ.

ಇನ್ನು ನಮ್ಮ ಕಸುಬಿನ ಪಾಪ. ಅದನ್ನು ಹೇಳದೆ ಬೇರೆಯವರಿಗೆ ಬೈದರೆ ಸರಿಯಲ್ಲ.

'ಅಸರ್' ಸಂಸ್ಥೆ 2023ರಲ್ಲಿ ದೇಶದ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಪರೀಕ್ಷಿಸಿತ್ತು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ಶೇ. 43.3 ಮಂದಿಗೆ ಅನ್ನೋದು ಎಲ್ಲ ಪೇಪರಲ್ಲೂ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಒಂದು ವಸ್ತುವನ್ನು ಸ್ಕೇಲಿನ ಸೊನ್ನೆಗೆ ಸರಿಯಾಗಿಟ್ಟು ಉದ್ದ ಎಷ್ಟು ಅಂದರೆ ಸುಮಾರು ಶೇ. 85 ಮಂದಿ ಸರಿ ಹೇಳಿದರು. ಅದೇ ವಸ್ತುವನ್ನು ಸೊನ್ನೆಯಿಂದ ಸ್ವಲ್ಪ ಸರಿಸಿ ಇಟ್ಟು ಕೇಳಿದರೆ ಸರಿ ಹೇಳಿದವರು ಶೇ. 39. ಸ್ಕೇಲು ಅದೇ, ವಸ್ತುವೂ ಅದೇ ಥರದ್ದು. ಕೊನೆಯಲ್ಲಿ ಕಾಣುವ ಅಂಕಿ ಓದೋದು ಅಭ್ಯಾಸ. ಎಲ್ಲಿಂದ ಶುರುವಾಗಿದೆ ಅಂತ ನೋಡೋದು ಯೋಚನೆ.

ನಾವು ವರದಿಗಾರರು ಯಾವ ಗುಂಪು? 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಶೇ. 73.40. 'ಶೇ. 10 ಕುಸಿತ' ಅಂತ ಬರೆದೆವು. ಮೊದಲನೆಯದಾಗಿ, ಅದು ಹತ್ತೂವರೆ ಅಂಶಗಳ ಇಳಿಕೆ. ಶೇಕಡಾ ಲೆಕ್ಕದಲ್ಲಿ ಹೇಳುವುದಾದರೆ ಹನ್ನೆರಡೂವರೆ. ಇದು ಏಳನೇ ಕ್ಲಾಸಿನ ಲೆಕ್ಕ, ನನ್ನ ಕಾಪಿಯಲ್ಲೂ ತಪ್ಪಾಗಿಯೇ ಹೋಗಿತ್ತು. ಎರಡನೆಯದು ಇನ್ನೂ ದೊಡ್ಡದು. 2024ರಲ್ಲಿ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು 35ರಿಂದ 25ಕ್ಕೆ ಇಳಿಸಿದ್ದರು. ಅಷ್ಟಾದ ಮೇಲೆ ಬಂದ ಅಂಕಿ 73.40. ಅಂದರೆ ವಸ್ತುವನ್ನು ಸೊನ್ನೆಯಿಂದ ಸರಿಸಿ ಇಟ್ಟಿದ್ದರು, ನಾವು ತುದಿಯ ಅಂಕಿ ಓದಿ ಸುದ್ದಿ ಕಳಿಸಿದೆವು. ಅದೇ ವರ್ಷ ಶಿವಮೊಗ್ಗ ಜಿಲ್ಲೆ ಶೇ. 88.67 ತೆಗೆದು ರಾಜ್ಯಕ್ಕೆ ಮೂರನೇ ಸ್ಥಾನ. ಪೇಡೆ ಡಬ್ಬಿ ಹಿಡಿದ ಫೋಟೋ, ಗಣಿತದಲ್ಲಿ ನೂರಕ್ಕೆ ನೂರು ತೆಗೆದವರ ಪಟ್ಟಿ. ನಾನೂ ಹಾಕಿದೆ. ನೂರಕ್ಕೆ ನೂರು ತೆಗೆದ ಮಕ್ಕಳ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಆ ನೂರರಲ್ಲಿ ಎಷ್ಟು ಯೋಚನೆ, ಎಷ್ಟು ನೆನಪು ಅಂತ ನಾನು ಒಬ್ಬರನ್ನೂ ಕೇಳಲಿಲ್ಲ.

ಈಗ ಹೊಸ ಚರ್ಚೆ ಶೇ. 33ರದ್ದು. 625ಕ್ಕೆ 206 ಬಂದರೆ ಪಾಸು, ಪ್ರತಿ ವಿಷಯಕ್ಕೆ ಕನಿಷ್ಠ 30 ಇರಬೇಕು ಅಂತ ಈ ವರ್ಷದಿಂದ ನಿಯಮ. ಘೋಷಿಸಿದ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ನಮ್ಮ ಸೊರಬದವರೇ, ಜಿಲ್ಲಾ ಉಸ್ತುವಾರಿಯೂ ಅವರದ್ದೇ. ಪರ ವಿರೋಧ ಜೋರಾಗಿದೆ: ಗುಣಮಟ್ಟ ಹಾಳಾಯ್ತು ಅಂತ ಒಂದು ಗುಂಪು, ಮಕ್ಕಳಿಗೆ ನೆಮ್ಮದಿ ಅಂತ ಇನ್ನೊಂದು. ನನ್ನ ಮಟ್ಟಿಗೆ ಇದು ಬೆಂಕಿ ಬಿದ್ದ ಮನೆಯ ಬಾಗಿಲಿನ ಎತ್ತರ ಅಳೆಯುವ ಜಗಳ. ಬಾಯಿಪಾಠದಿಂದ 35 ತೆಗೆದವನಿಗೂ ಬಾಯಿಪಾಠದಿಂದ 33 ತೆಗೆದವನಿಗೂ ಯಾವ ಗುಣಮಟ್ಟದ ವ್ಯತ್ಯಾಸ?

ತರ್ಕ ಬರದಿದ್ದರೆ ಏನು ಮುಳುಗಿಹೋಗುತ್ತೆ ಅಂತ ಕೇಳುವವರಿದ್ದಾರೆ. ಈ ಊರಿನಲ್ಲಿದ್ದುಕೊಂಡು ಆ ಪ್ರಶ್ನೆ ಕೇಳಬಾರದು. 2022ರ ಫೆಬ್ರವರಿಯಲ್ಲಿ, ಮತ್ತೆ ಆಗಸ್ಟ್‌ನಲ್ಲಿ ನಿಷೇಧಾಜ್ಞೆ ಹೊತ್ತ ಊರು ಇದು. ಆ ದಿನಗಳಲ್ಲಿ ಬ್ಯಾರಿಕೇಡಿನ ಪಕ್ಕ ನಿಂತು ನನ್ನ ಮೊಬೈಲಿಗೆ ಬಂದ ಸಂದೇಶಗಳನ್ನು ಓದಿದ್ದೇನೆ. ಒಂದೊಂದರಲ್ಲೂ ಹತ್ತನೇ ಕ್ಲಾಸಿನ ತಪ್ಪೇ ಇತ್ತು. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತೆ, ನಿಜ. ರಸ್ತೆ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ ಅನ್ನೋದು ಸುಳ್ಳಿರಬಹುದು. ನಮ್ಮ ಸ್ಮಾರ್ಟ್ ಸಿಟಿಯಲ್ಲಿ ಪೈಪು ಒಡೆದಿರುವ ಸಾಧ್ಯತೆಯೇ ಹೆಚ್ಚು. ಪ್ರಮೇಯ ಬೇರೆ, ಅದರ ವಿಲೋಮ ಬೇರೆ ಅನ್ನೋದು ಪಾಠದಲ್ಲೇ ಇದೆ. ಮೂರು ಸಲ ಕಂಡದ್ದು ಎಲ್ಲ ಸಲವೂ ನಿಜ ಆಗಬೇಕಿಲ್ಲ ಅನ್ನೋದೂ ಗಣಿತದ್ದೇ ಪಾಠ. ಒಂದು ಸಂಖ್ಯೆ ತೆಗೆದುಕೊಳ್ಳಿ, ಅದರ ವರ್ಗಕ್ಕೆ ಅದನ್ನೇ ಕೂಡಿಸಿ, ಮೇಲೆ 41 ಸೇರಿಸಿ. 1ಕ್ಕೆ 43, 2ಕ್ಕೆ 47, 3ಕ್ಕೆ 53. ಎಲ್ಲಾ ಅವಿಭಾಜ್ಯ. 39ರವರೆಗೂ ತಪ್ಪಲ್ಲ. 40ಕ್ಕೆ ಬಂದರೆ 1681, ಅದು 41 ಇಂಟು 41. ಮೂವತ್ತೊಂಬತ್ತು ಸಲ ನಿಜವಾಗಿದ್ದು ನಲವತ್ತನೇ ಸಲ ಕೈ ಕೊಡುವುದನ್ನು ಹದಿನೈದನೇ ವಯಸ್ಸಿನಲ್ಲಿ ಕಣ್ಣಾರೆ ಕಂಡ ಹುಡುಗ, 'ಅವರೆಲ್ಲ ಹಾಗೇ' ಅನ್ನೋ ಫಾರ್ವರ್ಡ್ ಒತ್ತುವ ಮೊದಲು ಒಂದು ಕ್ಷಣ ತಡೆಯಬಹುದೇನೋ. ತಡೆದೇ ತಡೆಯುತ್ತಾನೆ ಅಂತ ನಾನು ಹೇಳಲ್ಲ. ಲೆಕ್ಕ ಬಲ್ಲವರೂ ಕಲ್ಲು ಹೊಡೆದದ್ದುಂಟು.

ದುಡ್ಡಿನ ಕತೆಯೂ ಇದೆ. ದಿನಕ್ಕೆ ಒಂದೇ ಪರ್ಸೆಂಟ್ ಲಾಭ, ಹೂಡಿ ಅಂತ ಬರುವ ಆ್ಯಪ್‌ಗಳನ್ನು ನೋಡಿದ್ದೀರಲ್ಲ. ದಿನಕ್ಕೆ ಶೇ. 1ರಂತೆ ಚಕ್ರಬಡ್ಡಿಯಾಗಿ ಬೆಳೆದರೆ ಲಕ್ಷ ರೂಪಾಯಿ ವರ್ಷದಲ್ಲಿ 37 ಲಕ್ಷ ದಾಟುತ್ತೆ. ಹಾಗೆ ಬೆಳೆಸಬಲ್ಲವನು ನಿಮ್ಮ ಲಕ್ಷಕ್ಕೆ ಯಾಕೆ ಕೈಚಾಚುತ್ತಾನೆ? ಚಕ್ರಬಡ್ಡಿ ಸೂತ್ರ ಎಲ್ಲರಿಗೂ ಬಾಯಿಪಾಠ. ಈ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯಲ್ಲ.

ಮೇಷ್ಟ್ರುಗಳ ಮಾತೂ ಕೇಳಬೇಕು. ಈ ವಿಷಯ ಎತ್ತಿದಾಗ ಸರ್ಕಾರಿ ಶಾಲೆಯ ಗಣಿತ ಮೇಷ್ಟ್ರೊಬ್ಬರು ನನಗೆ ಚೆನ್ನಾಗಿ ಝಾಡಿಸಿದರು. 'ನಿಮಗೆ ಬ್ಲಾಗ್ ಬರೆಯೋಕೆ ಚಂದ ಕಣ್ರೀ. ನನ್ನ ಕ್ಲಾಸಲ್ಲಿ ಭಾಗಾಕಾರ ಬರದ ಮಕ್ಕಳಿದಾರೆ. ಫಲಿತಾಂಶ ಕಡಿಮೆ ಬಂದ್ರೆ ನೋಟಿಸ್ ನನಗೆ. ದಸರಾ ಆದ್ಮೇಲೆ ಸಮೀಕ್ಷೆ ಅಂತ ಹತ್ತು ದಿನ ಶಾಲೆ ಬಾಗಿಲೇ ತೆಗೀಲಿಲ್ಲ. ಪ್ಯಾಕೇಜ್ ಕೊಡದಿದ್ರೆ ಆ ಹುಡುಗಿ ಫೇಲು. ಫೇಲಾದ್ರೆ ಮನೇಲಿ ಮದುವೆ ಮಾಡಿ ಕಳಿಸ್ತಾರೆ. ನಿಮ್ಮ ತರ್ಕ ಅವಳನ್ನ ಪಿಯುಸಿಗೆ ಸೇರಿಸುತ್ತಾ?'

ಸಮೀಕ್ಷೆಗಾಗಿ 2025ರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದು ನಿಜ. ಮದುವೆಯ ಮಾತೂ ನಿಜ, ನಾನೇ ಅಂಥ ಸುದ್ದಿ ಬರೆದಿದ್ದೇನೆ. ಆದ್ದರಿಂದ ಪ್ಯಾಕೇಜ್ ಕೊಡುವ ಮೇಷ್ಟ್ರಿಗೆ ನನ್ನ ಬೈಗುಳ ಇಲ್ಲ. ಮುಳುಗುವವರಿಗೆ ಅವರು ಕೈಗೆ ಸಿಕ್ಕಿದ ಹಗ್ಗ ಎಸೆಯುತ್ತಿದ್ದಾರೆ. ನನ್ನ ಸಿಟ್ಟು, ಆ ಹಗ್ಗವನ್ನೇ ಈಜು ಎಂದು ಕರೆದು ಜಿಲ್ಲೆಗೆ ಮೂರನೇ ಸ್ಥಾನ ಬಂತು ಅಂತ ಸನ್ಮಾನ ಮಾಡಿಸಿಕೊಳ್ಳುವವರ ಮೇಲೆ. ಪ್ಯಾಕೇಜಿನಲ್ಲಿ ಪಾಸಾದ ಹುಡುಗಿ ಪಿಯುಸಿ ವಿಜ್ಞಾನಕ್ಕೋ ಡಿಪ್ಲೊಮಾಕ್ಕೋ ಹೋಗಿ ಮೊದಲ ಕಿರು ಪರೀಕ್ಷೆಯಲ್ಲೇ ಕುಸಿದಾಗ ಯಾರೂ ಪ್ರೆಸ್‌ಮೀಟ್ ಕರೆಯುವುದಿಲ್ಲ. ಮದುವೆ ಆಗ ಆಗುತ್ತೆ, ಎರಡು ವರ್ಷ ತಡವಾಗಿ.

ಬೇಡಿಕೆ ದೊಡ್ಡದಲ್ಲ. ಹೊಸ ಪುಸ್ತಕ ಬೇಡ, ಹೊಸ ಯೋಜನೆಗೆ ಹೊಸ ಹೆಸರೂ ಬೇಡ. 80 ಅಂಕದಲ್ಲಿ ಐದು ಅಂಕ ಈ ಥರದ ಪ್ರಶ್ನೆಗಳಿಗೆ ಕೊಡಿ: ಪ್ರಮೇಯದ ಸಾಧನೆಯನ್ನು ನೀವೇ ಪೂರ್ತಿ ಅಚ್ಚು ಹಾಕಿ ಕೊಟ್ಟು, ದತ್ತ ಯಾವ ಸಾಲಿನಲ್ಲಿ ಬಳಕೆಯಾಗಿದೆ ಗುರುತಿಸಿ ಅನ್ನಿ. ಒಂದು ಸಾಲು ತಪ್ಪಾಗಿರುವ ಸಾಧನೆ ಕೊಟ್ಟು, ಎಲ್ಲಿ ತಪ್ಪಿದೆ, ಯಾಕೆ ಅನ್ನಿ. ಒಂದು ಹೇಳಿಕೆ ಕೊಟ್ಟು ಅದನ್ನು ಬೀಳಿಸುವ ಒಂದೇ ಒಂದು ಉದಾಹರಣೆ ಕೊಡಿ ಅನ್ನಿ. ಬಾಯಿಪಾಠದವನಿಗೆ ಇದರಿಂದ ನಷ್ಟ ಐದೇ ಅಂಕ, ಅವನು ಫೇಲಾಗಲ್ಲ. ಆದರೆ 'ಅದನ್ನೆಲ್ಲ ಕೇಳಲ್ಲ' ಅನ್ನುವ ಮಾತು ಅವತ್ತಿಗೆ ಸುಳ್ಳಾಗುತ್ತೆ. ಜನವರಿಯ ಪ್ಯಾಕೇಜಿನಲ್ಲೂ ಒಂದು ಪುಟ ಬದಲಾಗುತ್ತೆ, ಟ್ಯೂಷನ್ ಮೇಷ್ಟ್ರೂ ಅದನ್ನು ಹೇಳಿಕೊಡಲೇಬೇಕಾಗುತ್ತೆ. ಪ್ರಶ್ನೆಪತ್ರಿಕೆಗೆ ಇಷ್ಟು ಹೆದರುವ ನಾಡಿನಲ್ಲಿ ಪಾಠ ಬದಲಿಸುವ ಅಗ್ಗದ ದಾರಿ ಪ್ರಶ್ನೆ ಬದಲಿಸುವುದೇ. ಇದನ್ನೂ ಬಾಯಿಪಾಠ ಮಾಡಿಸುತ್ತಾರೆ ಅನ್ನುತ್ತೀರಾ? ಮಾಡಿಸಲಿ. ಪ್ರತಿ ವರ್ಷ ತಪ್ಪು ಸಾಲನ್ನು ಬೇರೆ ಕಡೆ ಇಟ್ಟರಾಯಿತು.

ಅಕ್ಕನ ಮಗಳು ಬುಧವಾರ ಅಪ್ಪನ ಮೊಬೈಲಿನಿಂದ ಫೋಟೋ ಕಳಿಸಿದ್ದಳು. ಓರೆ ಗೆರೆಯ ತ್ರಿಭುಜ, ವಿಸ್ತೀರ್ಣದ ಸಾಲಿನ ಮೇಲೆ ಕೆಂಪು ಇಂಕಿನ ಇಂಟು ಗುರುತು. ಕೆಳಗೆ ವಾಯ್ಸ್ ಮೆಸೇಜು: 'ಇಲ್ಲಿ ತಾನೇ ಮಾಮ ಒಡೆಯೋದು? ಇದಕ್ಕೆ ಎಷ್ಟು ಮಾರ್ಕ್ಸು?'

ಉತ್ತರ ನನ್ನ ಹತ್ತಿರ ಇರಲಿಲ್ಲ. ಸಚಿವರು ಮುಂದಿನ ಸಲ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಪ್ರೆಸ್‌ಮೀಟ್ ಮಾಡಿದಾಗ ಅವಳ ಪ್ರಶ್ನೆಯನ್ನು ಹಾಗೇ ಕೇಳುತ್ತೇನೆ. ಅವರು ಕೊಟ್ಟ ಉತ್ತರವನ್ನು ಬೆಂಗಳೂರಿನ ಡೆಸ್ಕ್ ಕತ್ತರಿಸಿ ಹಾಕಿದರೆ, ಪೂರ್ತಿ ಇಲ್ಲೇ ಹಾಕುತ್ತೇನೆ.